ಹತ್ತರವರೆಗೆ ಎಣಿಸಬಲ್ಲಿರಾ?

ಮಕ್ಕಳೇ, ಈ ಲೇಖನವನ್ನು ಓದುವ ಮೊದಲು ಒಂದು ಪುಟ್ಟ ಪರೀಕ್ಷೆ. ನೆಲದ ಮೇಲೋ ಬೆಂಚಿನ ಮೇಲೋ ನೆಟ್ಟಗೆ ಕುಳಿತುಕೊಳ್ಳಿ. ಕಣ್ಣು ಮುಚ್ಚಿ ನಿಮ್ಮ ಉಸಿರನ್ನು ಎಣಿಸಿ. ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು. ಮತ್ತೆ ಒಳಗೆ ಹೋಗಿ ಹೊರಗೆ ಬಂದರೆ ಎರಡು. ಹೀಗೆ ಹತ್ತರವರೆಗೆ ಎಣಿಸಬೇಕು. ನಡುವೆ ಬೇರೆ ಯೋಚನೆ ಬಂದರೆ ಮತ್ತೆ ಒಂದರಿಂದ ಆರಂಭಿಸಬೇಕು. ಎಲ್ಲಿ, ಈಗಲೇ ಮಾಡಿ ನೋಡಿ.

ಏನಾಯಿತು? ಮೂರಕ್ಕೋ ನಾಲ್ಕಕ್ಕೋ ಬರುವಷ್ಟರಲ್ಲಿ ಮಧ್ಯಾಹ್ನದ ಬಿಸಿಯೂಟ ನೆನಪಾಯಿತೇ? ನಿನ್ನೆಯ ಆಟದಲ್ಲಿ ಔಟಾದದ್ದು ನೆನಪಾಯಿತೇ? ಅಥವಾ ಎಣಿಸುತ್ತಲೇ ಹದಿನೈದಕ್ಕೆ ಹೋಗಿಬಿಟ್ಟಿರಾ? ಒಂದರಿಂದ ಹತ್ತರವರೆಗೆ ಎಣಿಸುವುದನ್ನು ನೀವು ಒಂದನೇ ತರಗತಿಯಲ್ಲೇ ಕಲಿತಿದ್ದೀರಿ. ಆದರೂ ಇಷ್ಟು ಸುಲಭದ ಲೆಕ್ಕ ಇಷ್ಟು ಕಷ್ಟವಾದದ್ದು ಏಕೆ?

ಬೇಸರ ಬೇಡ. ದೊಡ್ಡವರಿಗೂ ಹೀಗೆಯೇ ಆಗುತ್ತದೆ. ನಿಮಗೆ ಪಾಠ ಹೇಳುವ ಮೇಷ್ಟ್ರನ್ನೂ ಟೀಚರನ್ನೂ ಬೇಕಾದರೆ ಕೇಳಿ ನೋಡಿ.

ಅಲೆಯುವ ಮನಸ್ಸು

ನಮ್ಮ ಹಿರಿಯರು ಮನಸ್ಸನ್ನು ಮಂಗಕ್ಕೆ ಹೋಲಿಸುತ್ತಿದ್ದರು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಬಳಿ ಮಂಗಗಳನ್ನು ನೋಡಿದ್ದೀರಲ್ಲ? ಒಂದು ಕೊಂಬೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಯಾರದೋ ಕೈಯ ಬಾಳೆಹಣ್ಣಿಗೆ ಹಾರುತ್ತಿರುತ್ತವೆ. ಮನಸ್ಸೂ ಹಾಗೆಯೇ.

ಇದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಅಮೆರಿಕದ ಇಬ್ಬರು ಸಂಶೋಧಕರು 2,250 ವಯಸ್ಕರಿಗೆ ದಿನದ ಯಾವ ಯಾವುದೋ ಹೊತ್ತಿನಲ್ಲಿ ಮೊಬೈಲ್ ಮೂಲಕ ಪ್ರಶ್ನೆ ಕಳುಹಿಸಿದರು. "ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲೇ ಇದೆಯೇ, ಬೇರೆಲ್ಲಾದರೂ ಇದೆಯೇ?" ಎಂಬುದು ಪ್ರಶ್ನೆಯ ಸಾರಾಂಶ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು ನೂರಕ್ಕೆ 47 ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು!

ಮನಸ್ಸು ಅಲೆಯುವುದು ರೋಗವಲ್ಲ, ತಪ್ಪೂ ಅಲ್ಲ. ನಾವು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಕುಳಿತಾಗಲೂ ಮಿದುಳು ಸುಮ್ಮನಿರುವುದಿಲ್ಲ. ನಿನ್ನೆಯದನ್ನು ನೆನೆಯುತ್ತದೆ, ನಾಳೆಯದನ್ನು ಯೋಚಿಸುತ್ತದೆ. ಕಥೆ ಕಟ್ಟುವುದು, ಹೊಸ ಆಟ ಹೂಡುವುದು ಎಲ್ಲ ಸಾಧ್ಯವಾಗುವುದು ಇದರಿಂದಲೇ. ತೊಂದರೆ ಇರುವುದು ಬೇರೆ ಕಡೆ. ಬೇಕೆಂದಾಗ ಮನಸ್ಸನ್ನು ಹಿಂದಕ್ಕೆ ಕರೆಯಲು ಬಾರದಿದ್ದರೆ ಪಾಠ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ರಸ್ತೆ ದಾಟುವಾಗ ಬಸ್ಸು ಕಾಣುತ್ತದೆ, ಆದರೆ ಗಮನಕ್ಕೆ ಬರುವುದಿಲ್ಲ.

ಮೈಸೂರಿನ ಎರಡು ಶಾಲೆಗಳು

ಮನಸ್ಸನ್ನು ಅರಿಯುವ ಎರಡು ದಾರಿಗಳು ಸುಮಾರು ನೂರು ವರ್ಷಗಳ ಹಿಂದೆ ಮೈಸೂರು ನಗರದಲ್ಲಿ ಅಕ್ಕಪಕ್ಕದಲ್ಲೇ ಇದ್ದವು ಎಂಬುದು ನಿಮಗೆ ಗೊತ್ತೇ?

ಒಂದು ದಾರಿ ಯೋಗದ್ದು. ಚಿತ್ರಶಾಲೆಗೆ ಹೆಸರಾದ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಒಂದು ಯೋಗಶಾಲೆ ಆರಂಭವಾಯಿತು. ಅದಕ್ಕೆ ಆಶ್ರಯ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಗುರುಗಳಾಗಿದ್ದವರು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಅವರು 1934ರಲ್ಲಿ 'ಯೋಗ ಮಕರಂದ' ಎಂಬ ಪುಸ್ತಕವನ್ನು ಕನ್ನಡದಲ್ಲೇ ಬರೆದರು. ಅವರ ಬಳಿ ಕಲಿತವರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಮೈಸೂರಿನಲ್ಲೇ ನೆಲೆಸಿದ ಕೆ. ಪಟ್ಟಾಭಿ ಜೋಯಿಸರು ಮುಂದೆ ಜಗತ್ಪ್ರಸಿದ್ಧರಾದರು. ಯೋಗವೆಂದರೆ ಆಸನ ಮಾತ್ರವಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಯೋಗಕ್ಕೆ ಎಂಟು ಅಂಗಗಳು. ಆಸನ ಮೂರನೆಯದು. ಮನಸ್ಸನ್ನು ಒಂದೆಡೆ ನಿಲ್ಲಿಸುವ ಧಾರಣ ಆರನೆಯದು, ಅದು ಎಡೆಬಿಡದೆ ಮುಂದುವರಿದರೆ ಏಳನೆಯದಾದ ಧ್ಯಾನ.

ಇನ್ನೊಂದು ದಾರಿ ಪ್ರಯೋಗಾಲಯದ್ದು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಭಾರತದಲ್ಲಿ ಮೊದಮೊದಲು ಆರಂಭವಾದ ಇಂಥ ವಿಭಾಗಗಳಲ್ಲಿ ಇದೂ ಒಂದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಹೆಸರಿನಲ್ಲಿ ರೇಡಿಯೋ ಪ್ರಸಾರ ಆರಂಭಿಸಿದವರೂ ಇವರೇ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು.

ಯೋಗಶಾಲೆಯಲ್ಲಿ "ಅಭ್ಯಾಸ ಮಾಡಿ ನೋಡು" ಎನ್ನುತ್ತಿದ್ದರು. ಪ್ರಯೋಗಾಲಯದಲ್ಲಿ "ಅಳೆದು ನೋಡು" ಎನ್ನುತ್ತಿದ್ದರು. ನಾವು ಈ ಎರಡನ್ನೂ ಮಾಡೋಣ.

ಬಣ್ಣದ ಪೆನ್ಸಿಲ್ ತನ್ನಿ

ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣದ ಪೆನ್ಸಿಲ್ ಅಥವಾ ಪೆನ್ನುಗಳನ್ನು ತೆಗೆದುಕೊಳ್ಳಿ. ಒಂದು ಹಾಳೆಯ ಮೇಲೆ 'ಕೆಂಪು' ಎಂಬ ಪದವನ್ನು ನೀಲಿಯಲ್ಲಿ ಬರೆಯಿರಿ. 'ಹಸಿರು' ಎಂಬುದನ್ನು ಕೆಂಪಿನಲ್ಲಿ ಬರೆಯಿರಿ. 'ಕಪ್ಪು' ಎಂಬುದನ್ನು ಹಸಿರಿನಲ್ಲಿ. ಹೀಗೆ ಬಣ್ಣ ಬದಲಿಸುತ್ತಾ ಇಪ್ಪತ್ತು ಪದ ಬರೆಯಿರಿ. ಈಗ ಪದವನ್ನು ಓದದೆ, ಅದನ್ನು ಬರೆದಿರುವ ಬಣ್ಣದ ಹೆಸರನ್ನು ಮಾತ್ರ ಬೇಗ ಬೇಗ ಹೇಳುತ್ತಾ ಹೋಗಿ.

ನಾಲಿಗೆ ತಡವರಿಸಿತಲ್ಲವೇ? ನೀವು ಓದಲು ಚೆನ್ನಾಗಿ ಕಲಿತಿರುವುದರಿಂದ, ಬೇಡವೆಂದರೂ ಮಿದುಳು ಪದವನ್ನು ಓದಿಬಿಡುತ್ತದೆ. ಆ ಓದನ್ನು ತಡೆದು ಬಣ್ಣವನ್ನು ಹೇಳಬೇಕು. ತಡೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಇನ್ನೂ ಓದಲು ಬಾರದ ನಿಮ್ಮ ತಂಗಿಗೋ ತಮ್ಮನಿಗೋ ಈ ಹಾಳೆ ಕೊಡಿ. ಬಣ್ಣಗಳ ಹೆಸರು ಗೊತ್ತಿದ್ದರೆ ಸಾಕು, ಅವರಿಗೆ ಈ ತೊಡಕೇ ಇರುವುದಿಲ್ಲ! ಅಮೆರಿಕದ ಜಾನ್ ರಿಡ್ಲೆ ಸ್ಟ್ರೂಪ್ ಎಂಬವರು ಈ ಪರೀಕ್ಷೆಯನ್ನು 1935ರಲ್ಲಿ ಪ್ರಕಟಿಸಿದರು. ಇಂದಿಗೂ ಇದು ಮನೋವಿಜ್ಞಾನದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ತಾನಾಗಿ ನುಗ್ಗಿ ಬರುವುದನ್ನು ತಡೆದು, ಬೇಕಾದದ್ದನ್ನು ಮಾಡುವ ಈ ಶಕ್ತಿಯೇ ಆತ್ಮಸಂಯಮ. ಕಬಡ್ಡಿ ಆಡುವಾಗ ಗೆಳೆಯ ಬೇಕೆಂದೇ ನೂಕಿದ ಎನ್ನಿ. ಯೋಚಿಸುವ ಮೊದಲೇ ಕೈ ಮೇಲೇಳುತ್ತದೆ. ಏಟು ಬಿದ್ದ ಮೇಲೆ "ಹೊಡೆಯಬಾರದಿತ್ತು" ಎನಿಸುತ್ತದೆ. ಸಿಟ್ಟು ಬರುವುದಕ್ಕೂ ಕೈ ಬೀಸುವುದಕ್ಕೂ ನಡುವೆ ಒಂದೆರಡು ಕ್ಷಣದ ಬಿಡುವು ಸಿಕ್ಕಿದ್ದರೆ? ಒಂದು ಸ್ನೇಹ ಉಳಿಯುತ್ತಿತ್ತು.

ಈ ತಡೆಯುವ ಕೆಲಸದಲ್ಲಿ ಮುಖ್ಯ ಪಾತ್ರ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ್ದು. ಕುದುರೆಗೆ ಲಗಾಮು ಇದ್ದಂತೆ ಅದು. ಮಿದುಳಿನ ಈ ಭಾಗ ಪೂರ್ತಿ ಬಲಿಯುವುದು ಎಲ್ಲಕ್ಕಿಂತ ತಡವಾಗಿ, ಸುಮಾರು ಇಪ್ಪತ್ತೈದರ ವಯಸ್ಸಿನ ಹೊತ್ತಿಗೆ. ಆದ್ದರಿಂದ ನಿಮ್ಮ ವಯಸ್ಸಿನಲ್ಲಿ ಸಿಟ್ಟು, ಆಸೆ, ಚಂಚಲತೆ ಲಗಾಮಿಗೆ ಸುಲಭವಾಗಿ ಸಿಗದಿದ್ದರೆ ಅದು ನಿಮ್ಮ ಕೆಟ್ಟತನವಲ್ಲ. ಲಗಾಮು ಇನ್ನೂ ತಯಾರಾಗುತ್ತಿದೆ, ಅಷ್ಟೆ. ತಯಾರಾಗುತ್ತಿರುವಾಗಲೇ ಅದನ್ನು ಹಿಡಿಯಲು ಕಲಿಯುವುದು ಜಾಣತನ.

ಹಿಂದಕ್ಕೆ ತರುವುದೇ ಅಭ್ಯಾಸ

ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಉಸಿರನ್ನು ಎಣಿಸುತ್ತಾ ಕೂತಾಗ ಮನಸ್ಸು ಓಡುತ್ತದೆ. ಓಡಿತು ಎಂದು ನಿಮಗೆ ಗೊತ್ತಾಗುತ್ತದೆ. ಬೈದುಕೊಳ್ಳದೆ ಮತ್ತೆ ಉಸಿರಿಗೆ ತರುತ್ತೀರಿ. ಹೀಗೆ ಹಿಂದಕ್ಕೆ ತರುವುದೇ ಅಭ್ಯಾಸ. ಮೂವತ್ತು ಸಲ ಓಡಿ ಮೂವತ್ತು ಸಲ ಹಿಂದಕ್ಕೆ ತಂದರೆ ನೀವು ಸೋತಂತಲ್ಲ. ಮೂವತ್ತು ಸಲ ಅಭ್ಯಾಸ ಮಾಡಿದಂತೆ.

2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ವಿಜ್ಞಾನಿಗಳು ಧ್ಯಾನದ ಅನುಭವವಿದ್ದ 14 ಮಂದಿಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರು. "ಉಸಿರನ್ನು ಗಮನಿಸಿ, ಮನಸ್ಸು ಬೇರೆಡೆ ಹೋಗಿದೆ ಎಂದು ಗೊತ್ತಾದ ಕೂಡಲೇ ಗುಂಡಿ ಒತ್ತಿ" ಎಂದು ತಿಳಿಸಿದರು. ಮನಸ್ಸು ಅಲೆಯುತ್ತಿದ್ದಾಗ ಮಿದುಳಿನ ಕೆಲವು ಭಾಗಗಳು ಚುರುಕಾಗಿದ್ದವು. ಅದನ್ನು ಮರಳಿ ಉಸಿರಿಗೆ ತರುವಾಗ ಹಣೆಯ ಹಿಂದಿನ ಲಗಾಮಿನ ಭಾಗವೂ ಸೇರಿದಂತೆ ಬೇರೆ ಭಾಗಗಳು ಚುರುಕಾದವು. ಹೊರಗಿನಿಂದ ನೋಡುವವರಿಗೆ ಧ್ಯಾನಿ ಸುಮ್ಮನೆ ಕುಳಿತಂತೆ ಕಾಣುತ್ತಾನೆ. ಒಳಗೆ ಕೆಲಸ ನಡೆದೇ ಇರುತ್ತದೆ.

ಉಸಿರನ್ನೇ ಏಕೆ ಆರಿಸಿಕೊಳ್ಳಬೇಕು? ಅದು ಸದಾ ನಿಮ್ಮ ಜೊತೆಗಿರುತ್ತದೆ, ಕಾಸು ಕೊಟ್ಟು ಕೊಳ್ಳಬೇಕಿಲ್ಲ. ಇನ್ನೊಂದು ಕಾರಣವೂ ಇದೆ. ಮುಂಗೈಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ನಾಡಿ ಹುಡುಕಿ. ನಿಧಾನವಾಗಿ ಉಸಿರೆಳೆದು ನಿಧಾನವಾಗಿ ಬಿಡಿ. ಉಸಿರೆಳೆಯುವಾಗ ನಾಡಿ ಸ್ವಲ್ಪ ಬೇಗ ಬಡಿಯುತ್ತದೆ, ಬಿಡುವಾಗ ಸ್ವಲ್ಪ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೃದಯದ ಓಟವನ್ನು ತಗ್ಗಿಸುತ್ತದೆ. ಸಿಟ್ಟು ಬಂದಾಗ, ಪರೀಕ್ಷೆಯ ಹೆದರಿಕೆಯಾದಾಗ ಎದೆ ಡವಡವ ಎನ್ನುತ್ತದಲ್ಲ? ಆಗ ಮೂರು ನಾಲ್ಕು ಸಲ ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟರೆ ಎದೆಯ ಬಡಿತ ತಹಬಂದಿಗೆ ಬರಲು ಸಹಾಯವಾಗುತ್ತದೆ.

ದಸರಾ ಆನೆಗಳಿಂದ ಒಂದು ಪಾಠ

ವಿಜಯದಶಮಿಯ ದಿನ 750 ಕಿಲೋಗ್ರಾಂ ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯುತ್ತದೆ. ಎರಡೂ ಕಡೆ ಲಕ್ಷಾಂತರ ಜನ, ವಾದ್ಯಗಳ ಸದ್ದು. 21 ಕುಶಾಲತೋಪು ಹಾರುತ್ತವೆ. ಕಾಡಿನ ಶಿಬಿರದಿಂದ ಬಂದ ಆನೆ ಬೆದರುವುದಿಲ್ಲವೇ?

ಬೆದರದಿರಲು ಕಾರಣ ತಾಲೀಮು. ಆನೆಗಳನ್ನು ಹಬ್ಬಕ್ಕೆ ಬಹಳ ದಿನ ಮೊದಲೇ ಮೈಸೂರಿಗೆ ಕರೆತರುತ್ತಾರೆ. ದಿನವೂ ಅದೇ ದಾರಿಯಲ್ಲಿ ನಡೆಸುತ್ತಾರೆ. ಮೊದಲು ಬರಿ ಮೈ, ಆಮೇಲೆ ಮರಳಿನ ಮೂಟೆ, ಅನಂತರ ಮರದ ಅಂಬಾರಿ. ತೋಪು ಹಾರಿಸಿಯೂ ತಾಲೀಮು ಕೊಡುತ್ತಾರೆ. ಮೊದಲ ಸಲ ಸದ್ದಿಗೆ ಬೆಚ್ಚಿದ ಆನೆ ಬರಬರುತ್ತಾ ನೆಮ್ಮದಿಯಿಂದ ನಿಲ್ಲುತ್ತದೆ. ಆನೆ ಧ್ಯಾನ ಮಾಡುತ್ತದೆ ಎಂದು ಇದರ ಅರ್ಥವಲ್ಲ. ಹಬ್ಬದ ಹಿಂದಿನ ದಿನ ಒಮ್ಮೆಗೇ ಹತ್ತು ಗಂಟೆ ತಾಲೀಮು ಕೊಟ್ಟರೆ ಪ್ರಯೋಜನವಿಲ್ಲ, ದಿನವೂ ಸ್ವಲ್ಪ ಸ್ವಲ್ಪ ಬೇಕು ಎಂಬುದೇ ಇಲ್ಲಿನ ಪಾಠ.

ಜೂನ್ 21 ಅಂತರರಾಷ್ಟ್ರೀಯ ಯೋಗ ದಿನ. 2022ರಲ್ಲಿ ಅದರ ರಾಷ್ಟ್ರಮಟ್ಟದ ಕಾರ್ಯಕ್ರಮ ಮೈಸೂರು ಅರಮನೆಯ ಆವರಣದಲ್ಲೇ ನಡೆಯಿತು. ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿತು. ನಮ್ಮಲ್ಲಿ ಒಂದು ವರ್ಷದ ಅತಿ ದೀರ್ಘ ಹಗಲಿನ ಹೊತ್ತಿನದು, ಇನ್ನೊಂದು ಅತಿ ಚಿಕ್ಕ ಹಗಲಿನ ಹೊತ್ತಿನದು. ಆದರೆ ಅಭ್ಯಾಸಕ್ಕೆ ಬೇಕಾದದ್ದು ಈ ಎರಡು ದಿನಗಳ ನಡುವಿನ ಉಳಿದೆಲ್ಲ ದಿನಗಳು!

ಒಂದು ಹೊಸ ರೂಢಿ ಮೈಗೂಡಲು ಎಷ್ಟು ದಿನ ಬೇಕು? 21 ದಿನ ಸಾಕು ಎಂದು ಹೇಳುವವರಿದ್ದಾರೆ. ಲಂಡನ್ನಿನ ಸಂಶೋಧಕರು 96 ಮಂದಿಯ ಮೇಲೆ ಅಧ್ಯಯನ ನಡೆಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆ. ಒಬ್ಬೊಬ್ಬರಿಗೆ ಒಂದೊಂದು ರೀತಿ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಹಲವು ತಿಂಗಳು ಬೇಕಿತ್ತು. ಗುಂಪಿನ ನಡುಮಟ್ಟ 66 ದಿನ. ಇನ್ನೂ ಒಂದು ಒಳ್ಳೆಯ ಸುದ್ದಿ: ನಡುವೆ ಒಂದು ದಿನ ತಪ್ಪಿದರೂ ರೂಢಿ ಕೆಡಲಿಲ್ಲ. ಆದ್ದರಿಂದ ಜ್ವರ ಬಂದು ಒಂದು ದಿನ ತಪ್ಪಿದರೆ "ಎಲ್ಲಾ ಹೋಯಿತು" ಎಂದು ಬಿಡಬೇಡಿ. ಮರುದಿನ ಮುಂದುವರಿಸಿ.

ಮಾಡುವುದು ಹೀಗೆ

1. ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕಿ. ಹಲ್ಲುಜ್ಜಿ ಮುಖ ತೊಳೆದ ಮೇಲೆ, ಅಥವಾ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ತರಗತಿಗೆ ಬಂದ ಮೇಲೆ. ಊಟವಾದ ಕೂಡಲೇ ಬೇಡ, ನಿದ್ದೆ ಬರುತ್ತದೆ.

2. ನೆಲದ ಮೇಲೆ, ಚಾಪೆಯ ಮೇಲೆ, ಕುರ್ಚಿಯ ಮೇಲೆ, ಎಲ್ಲಿಯಾದರೂ ಸರಿ. ಬೆನ್ನು ನೆಟ್ಟಗಿರಲಿ, ಮೈ ಬಿಗಿಯಾಗಿರುವುದು ಬೇಡ.

3. ಕಣ್ಣು ಮುಚ್ಚಿ. ಮುಚ್ಚಲು ಇಷ್ಟವಿಲ್ಲದಿದ್ದರೆ ಎದುರಿನ ನೆಲವನ್ನು ನೋಡಿ.

4. ಉಸಿರು ತಾನಾಗಿ ಆಡಲಿ. ಬಿಗಿ ಹಿಡಿಯಬೇಡಿ. ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ.

5. ಲೆಕ್ಕ ತಪ್ಪಿದರೆ ನಕ್ಕು ಒಂದಕ್ಕೆ ಬನ್ನಿ.

6. ಮೊದಲ ವಾರ ಎರಡು ನಿಮಿಷ ಸಾಕು. ಆಮೇಲೆ ಮೂರು, ಅನಂತರ ಐದು. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಮಾಡದ ದಿನ ಹಾಕಬೇಡಿ.

ಮನೆಯಲ್ಲಿ ಫೋನಿದ್ದರೆ ಆ ಹೊತ್ತಿನಲ್ಲಿ ಅದನ್ನು ಬೇರೆ ಕೋಣೆಯಲ್ಲಿ ಇಡಿ. ಒಂದರ ಹಿಂದೆ ಒಂದು ಬರುವ ಚಿಕ್ಕ ಚಿಕ್ಕ ವಿಡಿಯೋಗಳನ್ನು ರೂಪಿಸಿರುವುದೇ ನಿಮ್ಮ ಗಮನ ಬೇರೆಡೆಗೆ ಹೋಗದಂತೆ. ಗಮನ ನಿಮ್ಮದು. ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ನೀವೇ ತೀರ್ಮಾನಿಸಬೇಕು.

ಒಂದು ವೇಳೆ ಕಣ್ಣು ಮುಚ್ಚಿದಾಗ ಹೆದರಿಕೆಯ ಅಥವಾ ದುಃಖದ ನೆನಪು ಬಂದರೆ ಒತ್ತಾಯದಿಂದ ಕೂರಬೇಡಿ. ಕಣ್ಣು ತೆರೆದು ಎದ್ದು ಓಡಾಡಿ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ.

ನಿಜವಾಗಿ ಪ್ರಯೋಜನ ಉಂಟೇ?

ವಿಜ್ಞಾನ ಕಲಿಯುವವರು ಕೇಳಲೇಬೇಕಾದ ಪ್ರಶ್ನೆ ಇದು. ದೊಡ್ಡವರ ಮೇಲೆ ನಡೆದ ಹಲವು ಪ್ರಯೋಗಗಳಲ್ಲಿ, ಧ್ಯಾನದ ಅಭ್ಯಾಸದಿಂದ ಗಮನದ ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ. ಸ್ವಲ್ಪ ಮಾತ್ರ, ಪವಾಡವಲ್ಲ. ಮಕ್ಕಳ ವಿಷಯದಲ್ಲಿ ಫಲಿತಾಂಶ ಮಿಶ್ರವಾಗಿದೆ. ಇಂಗ್ಲೆಂಡ್ ಮತ್ತು ಅದರ ನೆರೆ ನಾಡುಗಳ 85 ಶಾಲೆಗಳಲ್ಲಿ, ನಿಮ್ಮದೇ ವಯಸ್ಸಿನ ಅಥವಾ ಸ್ವಲ್ಪ ದೊಡ್ಡ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗದ ವರದಿ 2022ರಲ್ಲಿ ಬಂತು. ಧ್ಯಾನದಂಥ ಅಭ್ಯಾಸವನ್ನು ತರಗತಿಯಲ್ಲಿ ಕಲಿತ ಮಕ್ಕಳಿಗೂ ಎಂದಿನ ಪಾಠ ಕಲಿತ ಮಕ್ಕಳಿಗೂ ಮನಸ್ಸಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಲಿತವರಲ್ಲಿ ಹೆಚ್ಚಿನವರು ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿರಲಿಲ್ಲ. ಮಾಡಿದ್ದರೆ ಖಂಡಿತ ಲಾಭವಾಗುತ್ತಿತ್ತು ಎನ್ನುವಂತೆಯೂ ಇಲ್ಲ. ಆದರೆ ಮಾಡದೆ ಲಾಭವಾಗದು ಎಂಬುದಂತೂ ಖಂಡಿತ.

ಹಾಗಾದರೆ ನಿಮ್ಮ ತರಗತಿಯಲ್ಲೇ ಒಂದು ಪ್ರಯೋಗ ಮಾಡಿ. ಹಳೆಯ ದಿನಪತ್ರಿಕೆಯ ಒಂದು ಸುದ್ದಿಯನ್ನು ತೆಗೆದುಕೊಂಡು, ಒಂದು ನಿಮಿಷದಲ್ಲಿ ಸಾಧ್ಯವಾದಷ್ಟು 'ರ' ಅಕ್ಷರಗಳಿಗೆ ಗೆರೆ ಎಳೆಯಿರಿ. ಎಷ್ಟು ಸಿಕ್ಕಿತು, ನಡುವೆ ಎಷ್ಟು ಬಿಟ್ಟುಹೋಯಿತು ಎಂದು ಬರೆದಿಡಿ. ಆಮೇಲೆ ಚೀಟಿ ಎತ್ತಿ ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ದಿನವೂ ಐದು ನಿಮಿಷ ಉಸಿರು ಎಣಿಸಲಿ. ಇನ್ನೊಂದು ಗುಂಪು ಅದೇ ಹೊತ್ತಿನಲ್ಲಿ ಸದ್ದಿಲ್ಲದೆ ಕಥೆಪುಸ್ತಕ ಓದಲಿ. ಎಂಟು ವಾರಗಳ ಬಳಿಕ ಇನ್ನೊಂದು ಸುದ್ದಿಯಲ್ಲಿ ಎಲ್ಲರಿಗೂ ಮತ್ತೆ ಪರೀಕ್ಷೆ.

ಎರಡನೆಯ ಗುಂಪು ಏಕೆ ಬೇಕು? ಅದೇ ಪರೀಕ್ಷೆಯನ್ನು ಎರಡನೇ ಸಲ ಮಾಡಿದಾಗ ಯಾರಿಗಾದರೂ ಸ್ವಲ್ಪ ಸುಲಭವಾಗುತ್ತದೆ. ಆ ಸುಧಾರಣೆಯನ್ನು ಧ್ಯಾನದ ಲೆಕ್ಕಕ್ಕೆ ಹಾಕಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಎರಡೂ ಗುಂಪುಗಳ ಅಂಕ ಒಂದೇ ಆಗಿ ಬಂದರೆ ಹಾಗೆಯೇ ಬರೆಯಿರಿ, ಮುಚ್ಚಿಡಬೇಡಿ. ಮೂವತ್ತು ಮಕ್ಕಳ ಒಂದು ತರಗತಿಯಿಂದ ಜಗತ್ತಿಗೆಲ್ಲ ಅನ್ವಯಿಸುವ ತೀರ್ಮಾನ ಸಿಗದು. ಪ್ರಯೋಗ ಮುಗಿದ ಮೇಲೆ ಗುಂಪುಗಳನ್ನು ಅದಲುಬದಲು ಮಾಡಿದರೆ ಎಲ್ಲರಿಗೂ ಅವಕಾಶ ಸಿಗುತ್ತದೆ.

ಗಮನವಿಲ್ಲ ಎನ್ನುವ ಮುನ್ನ

ಕೊನೆಯದಾಗಿ ಒಂದು ಮುಖ್ಯ ಮಾತು. ನಿಮ್ಮ ಪಕ್ಕದಲ್ಲಿ ಕೂರುವ ಗೆಳತಿಯೊಬ್ಬಳು ಕರೆದರೆ ಓಗೊಡುವುದಿಲ್ಲ, ಹೇಳಿದ ಲೆಕ್ಕ ತಪ್ಪು ಬರೆಯುತ್ತಾಳೆ ಎನ್ನಿ. "ಅವಳಿಗೆ ಗಮನವೇ ಇಲ್ಲ" ಎಂದುಬಿಡಬೇಡಿ. ಅವಳಿಗೆ ಸರಿಯಾಗಿ ಕೇಳಿಸದೇ ಇರಬಹುದು. ಹಲಗೆಯ ಮೇಲಿನ ಅಕ್ಷರ ಮಸುಕಾಗಿ ಕಾಣುತ್ತಿರಬಹುದು. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿರಬಹುದು. ರಕ್ತಹೀನತೆಯಿಂದ ಸುಸ್ತಾಗಿರಬಹುದು, ನಿದ್ದೆ ಸಾಲದೆ ಇರಬಹುದು. ಇವಕ್ಕೆ ಧ್ಯಾನ ಮದ್ದಲ್ಲ. ಕಿವಿ ಕೇಳದಿದ್ದರೆ ಕಿವಿಯ ಪರೀಕ್ಷೆ ಬೇಕು, ಹಸಿವಾದರೆ ಅನ್ನ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆ ನಡೆಯುತ್ತದೆ. ಶಾಲೆಗೆ ವೈದ್ಯರ ತಂಡ ಬಂದಾಗ ಇಂಥ ತೊಂದರೆಯನ್ನು ನಾಚದೆ ಹೇಳಬೇಕು. ಗೆಳತಿ ಹೇಳಲು ಹಿಂಜರಿದರೆ ಟೀಚರಿಗೆ ನೀವೇ ಗುಟ್ಟಾಗಿ ತಿಳಿಸಬಹುದು. ಇನ್ನೊಬ್ಬರ ಕಷ್ಟ ಕಣ್ಣಿಗೆ ಬೀಳುವುದೂ ಗಮನದ ಕೆಲಸವೇ.

ಎಲ್ಲಿ, ಮತ್ತೊಮ್ಮೆ ಕಣ್ಣು ಮುಚ್ಚಿ. ಒಂದು, ಎರಡು, ಮೂರು... ಈ ಸಲ ಎಷ್ಟರವರೆಗೆ ಹೋದಿರಿ? ಸಂಖ್ಯೆಯನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಇಂದಿನ ತಾರೀಖಿನೊಂದಿಗೆ ಬರೆದಿಡಿ. 66 ದಿನಗಳಾದ ಮೇಲೆ ಆ ಹಾಳೆಯನ್ನು ತೆರೆದು, ಇನ್ನೊಮ್ಮೆ ಎಣಿಸಿ ನೋಡಿ.